ಫ್ರಾನ್ಸಿನ ಸೆವೆನ್ ಬೆಟ್ಟಸಾಲಿನ ಗಾರೆಯಿಲ್ಲದ ಕಲ್ಲುಗೋಡೆ: ಎರಡು ವಾರದ ಶ್ರಮದಾನ ಶಿಬಿರದಲ್ಲಿ ಕಸುಬು ಕಲಿಯಬಹುದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬರುವ ಜುಲೈ ತಿಂಗಳಲ್ಲಿ ದಕ್ಷಿಣ ಫ್ರಾನ್ಸಿನ ಸೆವೆನ್ ಬೆಟ್ಟಸಾಲಿನ ಒಂದು ಹಳ್ಳಿಯಲ್ಲಿ ನಡೆಯುವ ಎರಡು ವಾರಗಳ ಶ್ರಮದಾನ ಶಿಬಿರಕ್ಕೆ ನನ್ನ ಹೆಸರು ಆಯ್ಕೆಯಾಗಿದೆ. ಬೇರೆ ಬೇರೆ ದೇಶಗಳಿಂದ ಬರುವ 12 ಮಂದಿ ಸೇರಿ, ಇಳಿಜಾರಿನ ಮಣ್ಣನ್ನು ಬಹುಕಾಲ ತಡೆದು ನಿಲ್ಲಿಸಿ ಈಗ ಕುಸಿದುಬಿದ್ದಿರುವ ಒಂದು ಹಳೆಯ ಕಲ್ಲುಗೋಡೆಯನ್ನು ಮತ್ತೆ ಕಟ್ಟಬೇಕು. ಗೋಡೆಯ ಉದ್ದ 8 ಮೀಟರ್, ಎತ್ತರ ಸುಮಾರು 1.5 ಮೀಟರ್. ಸಿಮೆಂಟನ್ನಾಗಲಿ ಸುಣ್ಣದ ಗಾರೆಯನ್ನಾಗಲಿ ಸ್ವಲ್ಪವೂ ಬಳಸದೆ ಕಲ್ಲಿನ ಮೇಲೆ ಕಲ್ಲನ್ನು ಕೂರಿಸಿಯೇ ಕಟ್ಟುವ ಈ ವಿಧಾನವನ್ನು ಅಲ್ಲಿಯವರು ‘ಪಿಯೆರ್ ಸೆಶ್’, ಅಂದರೆ ಒಣಗಲ್ಲು, ಎಂದು ಕರೆಯುತ್ತಾರೆ.

ಕಟ್ಟಡದ ಕೆಲಸದಲ್ಲಿ ನನಗೆ ಯಾವ ಅನುಭವವೂ ಇಲ್ಲ. ಆದರೆ ಒಂದು ಕಸುಬನ್ನು ಅದು ಬೆಳೆದ ನೆಲದಲ್ಲಿಯೇ, ಅದನ್ನು ಬಲ್ಲವರ ಪಕ್ಕದಲ್ಲಿ ನಿಂತು ಕಲಿಯಬೇಕೆಂಬ ಆಸೆ ಬಹಳ ವರ್ಷಗಳಿಂದ ಇದೆ. ಹೊರಡುವ ದಿನ ಹತ್ತಿರವಾದಂತೆ ಕೆಲವು ಸಂದೇಹಗಳೂ ಹುಟ್ಟಿಕೊಂಡಿವೆ. ಎರಡು ವಾರದಲ್ಲಿ ನಿಜವಾಗಿ ಏನನ್ನಾದರೂ ಕಲಿಯುವುದು ಸಾಧ್ಯವೆ, ಅಥವಾ ಕಲ್ಲು ಹೊತ್ತು ಹಾಕುವುದರಲ್ಲಿಯೇ ದಿನಗಳು ಮುಗಿದುಹೋಗುತ್ತವೆಯೆ? ಹೊರಗಿನಿಂದ ಹೋದ ನಾವು ಸಂಬಳವಿಲ್ಲದೆ ಗೋಡೆ ಕಟ್ಟಿದರೆ, ಅದೇ ಕಸುಬನ್ನು ನಂಬಿ ಬದುಕುವ ಅಲ್ಲಿನ ಮೇಸ್ತ್ರಿಗಳ ಕೆಲಸವನ್ನು ಕಿತ್ತುಕೊಂಡಂತೆ ಆಗುವುದಿಲ್ಲವೆ? ಈ ಎರಡನೆಯ ಪ್ರಶ್ನೆ ನನ್ನನ್ನು ಮೊದಲನೆಯದಕ್ಕಿಂತ ಹೆಚ್ಚು ಕಾಡುತ್ತಿದೆ. ಇಂಥ ಶಿಬಿರದಲ್ಲಿ ದುಡಿದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಾನು ಇದೇ ಬೆಟ್ಟಸಾಲಿನಲ್ಲಿ ಎರಡು ಬೇಸಿಗೆ ಇಂಥ ಶಿಬಿರಗಳಲ್ಲಿ ದುಡಿದಿದ್ದೇನೆ. ಮೊದಲನೆಯದರಲ್ಲಿ ಕಲಿತದ್ದು ಬಹಳ ಕಡಿಮೆ, ಎರಡನೆಯದರಲ್ಲಿ ಕಲಿತದ್ದು ಇಂದಿಗೂ ಕೈಯಲ್ಲಿ ಉಳಿದಿದೆ. ಎರಡಕ್ಕೂ ಇದ್ದ ವ್ಯತ್ಯಾಸ ಒಂದೇ. ಮೊದಲ ಶಿಬಿರದಲ್ಲಿ ಮೇಸ್ತ್ರಿ ಆರಂಭದ ದಿನ ಬೆಳಿಗ್ಗೆ ಬಂದು ಎರಡು ಗಂಟೆ ವಿವರಿಸಿ ಹೋದವರು ಮತ್ತೆ ಕಾಣಿಸಿದ್ದು ಕೊನೆಯ ದಿನ. ನಡುವಿನ ದಿನಗಳಲ್ಲಿ ನಾವು ನಮಗೆ ತೋಚಿದಂತೆ ಕಲ್ಲು ಪೇರಿಸಿದೆವು. ಅವರು ಬಂದು ನೋಡಿ ಅರ್ಧ ಗೋಡೆಯನ್ನು ಬಿಚ್ಚಬೇಕೆಂದರು, ಆದರೆ ಬಿಚ್ಚಿ ಕಟ್ಟಲು ಸಮಯವೇ ಉಳಿದಿರಲಿಲ್ಲ. ಎರಡನೆಯದರಲ್ಲಿ ಮೇಸ್ತ್ರಿ ಕೆಲಸದ ಹತ್ತೂ ದಿನ ನಮ್ಮ ಜೊತೆಗೇ ಇದ್ದರು. ಆದ್ದರಿಂದ ನೀವು ಮೊದಲು ಮಾಡಬೇಕಾದ ಕೆಲಸವೆಂದರೆ, ಕಲಿಸುವವರು ದಿನಕ್ಕೆ ಎಷ್ಟು ಹೊತ್ತು, ಎಷ್ಟು ದಿನ ಸ್ಥಳದಲ್ಲಿ ಇರುತ್ತಾರೆ ಎಂದು ಆಯೋಜಕರಿಗೆ ಪತ್ರ ಬರೆದು ಕೇಳುವುದು. ಇದನ್ನು ಕೇಳುವುದು ಅವಿನಯವಲ್ಲ.

ಕಲ್ಲು ಹೊರುವುದರ ಬಗ್ಗೆ ಕೇಳಿದ್ದೀರಿ. ಹೊರಲೇಬೇಕು, ಮತ್ತು ಅದರ ಪ್ರಮಾಣ ನೀವು ಊಹಿಸಿರುವುದಕ್ಕಿಂತ ಹೆಚ್ಚು. ನೀವು ಹೇಳಿದ ಗೋಡೆಯ ಸರಾಸರಿ ದಪ್ಪ 70 ಸೆಂಟಿಮೀಟರ್ ಎಂದು ಹಿಡಿಯೋಣ. ಒಟ್ಟು ಗಾತ್ರ ಎಂಟು ಘನ ಮೀಟರಿಗೆ ಮೇಲಾಗುತ್ತದೆ. ಅದರಲ್ಲಿ ಕಾಲು ಭಾಗ ಸಂದುಗಳೆಂದು ಕಳೆದರೂ, ಅಲ್ಲಿನ ಶಿಸ್ಟ್ ಎಂಬ ಪದರುಗಲ್ಲು ಘನ ಮೀಟರಿಗೆ ಸುಮಾರು 2.7 ಟನ್ ತೂಗುವುದರಿಂದ 17 ಟನ್ ಆಗುತ್ತದೆ. ಇದರಲ್ಲಿ ಪ್ರತಿಯೊಂದು ಕಲ್ಲೂ ಕನಿಷ್ಠ ಎರಡು ಸಲ ಕೈ ಬದಲಾಯಿಸುತ್ತದೆ, ಬಿಚ್ಚುವಾಗ ಒಮ್ಮೆ, ಕಟ್ಟುವಾಗ ಒಮ್ಮೆ. ಆದರೆ ಈ ಹೊರುವಿಕೆಯನ್ನು ಕಲಿಕೆಯಿಂದ ಬೇರೆ ಎಂದು ತಿಳಿಯಬೇಡಿ. ನನ್ನ ಮಟ್ಟಿಗೆ ಕಸುಬಿನ ಅರ್ಧ ಭಾಗ ಇರುವುದೇ ಅಲ್ಲಿ. ಕುಸಿದ ಗೋಡೆಯನ್ನು ಬಿಚ್ಚುವಾಗ ಮಣ್ಣನ್ನು ಒಂದು ಕಡೆ ಹಾಕಿ, ಕಲ್ಲುಗಳನ್ನು ಅವುಗಳ ಮುಂದಿನ ಕೆಲಸಕ್ಕೆ ತಕ್ಕಂತೆ ವಿಂಗಡಿಸಿ ಇಡುತ್ತಾರೆ. ದೊಡ್ಡವು ತಳಪಾಯಕ್ಕೆ, ಉದ್ದನೆಯವು ಗೋಡೆಯ ಒಳಗೆ ಆಳಕ್ಕೆ ಚಾಚಿ ಮುಂಬದಿಯನ್ನು ಹಿಂಬದಿಗೆ ಕಟ್ಟಿಹಾಕುವುದಕ್ಕೆ, ಇವನ್ನು ‘ಬುತೀಸ್’ ಎನ್ನುತ್ತಾರೆ, ಅಗಲವಾದ ಒಳ್ಳೆಯ ಚಪ್ಪಡಿಗಳು ಕೊನೆಯ ತಲೆಗಲ್ಲಿಗೆ, ಚಿಕ್ಕ ಚಕ್ಕೆಗಳು ಕೈಗೆ ಸಿಗುವಂತೆ ಗೋಡೆಯ ಹತ್ತಿರ. ಎರಡು ದಿನ ಇದನ್ನೇ ಮಾಡಿದ ಮೇಲೆ, ಕಲ್ಲನ್ನು ಕಂಡೊಡನೆ ಅದು ಗೋಡೆಯ ಯಾವ ಭಾಗಕ್ಕೆ ಸೇರಬೇಕು ಎನ್ನುವುದು ಕಣ್ಣಿಗೆ ತಾನಾಗಿಯೇ ಹೊಳೆಯಲು ತೊಡಗುತ್ತದೆ. ಆ ಕಣ್ಣು ಬಾರದೆ ಇದ್ದವರು ಒಂದೊಂದು ಸಂದಿಗೂ ಹತ್ತು ಕಲ್ಲು ಎತ್ತಿ ಇಳಿಸಿ ಸುಸ್ತಾಗುತ್ತಾರೆ.

ಕಟ್ಟುವಾಗ ಹೊಸಬರೆಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದು, ಕಲ್ಲಿನ ಉದ್ದವನ್ನು ಗೋಡೆಯ ಮುಖದ ಗುಂಟ ಮಲಗಿಸುವುದು. ಹಾಗೆ ಇಟ್ಟರೆ ಗೋಡೆ ಬೇಗ ತುಂಬಿದಂತೆ ಕಾಣುತ್ತದೆ, ಆದರೆ ಅದು ಹಿಂದಿನ ಮಣ್ಣಿನ ಭಾರಕ್ಕೆ ಸಿಪ್ಪೆಯಂತೆ ಕಳಚಿಕೊಳ್ಳುತ್ತದೆ. ಉದ್ದ ಯಾವಾಗಲೂ ಬೆಟ್ಟದ ಕಡೆಗೆ ಹೋಗಬೇಕು, ಕಲ್ಲಿನ ತಳ ಸ್ವಲ್ಪ ಒಳಕ್ಕೆ ವಾಲಿರಬೇಕು. ಕಲ್ಲು ಅಲುಗಾಡಿದರೆ ಅದನ್ನು ಬಿಗಿಮಾಡುವ ಚಕ್ಕೆಯನ್ನು ಹಿಂದಿನಿಂದ ಕೊಡಬೇಕೇ ಹೊರತು ಮುಂದಿನಿಂದಲ್ಲ; ಮುಂದಿನಿಂದ ತುರುಕಿದ ಚಕ್ಕೆ ಕಾಲಕ್ರಮದಲ್ಲಿ ಜಾರಿ ಬೀಳುತ್ತದೆ. ಗೋಡೆಯ ಹಿಂಬದಿಯ ತುಂಬುಕಲ್ಲನ್ನು ಬುಟ್ಟಿಯಿಂದ ಸುರಿಯಬಾರದು, ಕೈಯಿಂದಲೇ ಒಂದೊಂದಾಗಿ ಕೂರಿಸಬೇಕು. ಮತ್ತು ಒಂದು ವರಸೆಯ ಸಂದಿನ ಮೇಲೆ ಮೇಲಿನ ವರಸೆಯ ಕಲ್ಲು ಕುಳಿತು ಅದನ್ನು ಮುಚ್ಚಲೇಬೇಕು. ಮುಚ್ಚದೆ ಮೂರು ನಾಲ್ಕು ವರಸೆಗಳ ಸಂದುಗಳು ಒಂದರ ಮೇಲೊಂದು ಬಂದು ನೇರ ಸೀಳಾಗಿಬಿಟ್ಟರೆ, ಅದಕ್ಕೆ ಫ್ರೆಂಚ್ ಮೇಸ್ತ್ರಿಗಳು ‘ಕೂ ದ ಸಾಬ್ರ್’, ಅಂದರೆ ಕತ್ತಿಯೇಟು, ಎನ್ನುತ್ತಾರೆ. ನಾನು ಮತ್ತು ನನ್ನ ಜೊತೆಗಾರ್ತಿ ಅತ್ಯಂತ ಆಸಕ್ತಿಯಿಂದ ಕಟ್ಟಿದ ಭಾಗದಲ್ಲಿ ಇಂಥದೊಂದು ಸೀಳು ಮೂಡಿತ್ತು. ಮೇಸ್ತ್ರಿ ಏನನ್ನೂ ಹೇಳದೆ ಆ ಜಾಗದ ಮೇಲೆ ಬೆರಳನ್ನು ಮೇಲಿನಿಂದ ಕೆಳಕ್ಕೆ ಎಳೆದು ತೋರಿಸಿದರು. ಒಂದೂವರೆ ದಿನದ ಕೆಲಸವನ್ನು ನಾವಿಬ್ಬರೇ ಬಿಚ್ಚಿದೆವು. ಎರಡನೆಯ ಬಾರಿ ಕಟ್ಟಲು ಬೇಕಾದದ್ದು ಅರ್ಧ ದಿನ ಮಾತ್ರ.

ಗುಂಪಿನ ವಿಷಯದಲ್ಲಿ ಒಂದು ಮಾತು. ಶಿಬಿರಗಳಲ್ಲಿ ಅಡುಗೆ, ಪಾತ್ರೆ, ಸ್ವಚ್ಛತೆಯ ಕೆಲಸಗಳು ಸರದಿಯ ಮೇಲೆ ಬರುತ್ತವೆ, ಅದು ನ್ಯಾಯವೂ ಹೌದು. ಆದರೆ ಗೋಡೆಯ ಮೇಲೂ ದಿನಕ್ಕೊಂದು ಜಾಗಕ್ಕೆ ಸರದಿ ಹಾಕಿದರೆ ಯಾರಿಗೂ ತಮ್ಮ ತಪ್ಪಿನ ಫಲ ಕಾಣುವುದಿಲ್ಲ. ಇಬ್ಬಿಬ್ಬರ ಜೋಡಿ ಮಾಡಿ, ಪ್ರತಿ ಜೋಡಿಗೂ ತಳಪಾಯದಿಂದ ತಲೆಗಲ್ಲಿನವರೆಗೆ ಒಂದೇ ಭಾಗವನ್ನು ಬಿಟ್ಟುಕೊಡಲು ಮೊದಲ ದಿನವೇ ಕೇಳಿಕೊಳ್ಳಿ. ಪಕ್ಕದ ಜೋಡಿಯ ಭಾಗದ ಜೊತೆ ನಿಮ್ಮ ಕಲ್ಲುಗಳು ಹೆಣೆದುಕೊಳ್ಳಬೇಕಾದುದರಿಂದ, ಭಾಷೆ ಬಾರದಿದ್ದರೂ ಅವರೊಡನೆ ಮಾತು ತಾನಾಗಿಯೇ ಬೆಳೆಯುತ್ತದೆ.

ಎರಡನೆಯ ಉತ್ತರ

ನಾನು ವೃತ್ತಿಯಿಂದ ಸಿವಿಲ್ ಎಂಜಿನಿಯರ್. ಮೇಲಿನವರು ಬರೆದ ವಿವರಗಳನ್ನು ಒಪ್ಪುತ್ತೇನೆ, ಆದರೆ ಅವರ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಬೇಕೆಂದು ನನ್ನ ಅಭಿಪ್ರಾಯ. ನಿಮ್ಮ ಉದ್ದೇಶ ಕಸುಬನ್ನು ಕಲಿಯುವುದೊಂದೇ ಆಗಿದ್ದರೆ, ಶ್ರಮದಾನ ಶಿಬಿರ ಅದಕ್ಕೆ ನೇರವಾದ ದಾರಿಯಲ್ಲ. ಸೆವೆನ್‌ನಲ್ಲಿಯೇ ‘ಆರ್ಟಿಸಾನ್ ಬಾತಿಸ್ಸರ್ ಆಂ ಪಿಯೆರ್ ಸೆಶ್’ ಎಂಬ ಒಣಗಲ್ಲು ಮೇಸ್ತ್ರಿಗಳ ಸಂಘವಿದೆ. ಫ್ರಾನ್ಸಿನಲ್ಲಿ ಈ ಕಸುಬಿಗೆ ವೃತ್ತಿ ಅರ್ಹತೆಯ ಪ್ರಮಾಣಪತ್ರವೂ ಇದೆ. ಶುಲ್ಕ ಕೊಟ್ಟು ಸೇರುವ ಕೆಲವೇ ದಿನಗಳ ತರಬೇತಿಯಲ್ಲಿ ಕಲಿಸುವವರ ಗಮನವೆಲ್ಲ ಕಲಿಯುವವರ ಮೇಲೆ ಇರುತ್ತದೆ. ಶಿಬಿರದಲ್ಲಿ ಅವರ ಮೊದಲ ಗಮನ ಗೋಡೆಯ ಮೇಲೆ ಇರುತ್ತದೆ, ಇರಲೂ ಬೇಕು, ಏಕೆಂದರೆ ಅದರ ಕೆಳಗೆ ಜನ ನಡೆದಾಡುತ್ತಾರೆ.

ಈ ಗೋಡೆ ಏಕೆ ನಿಲ್ಲುತ್ತದೆ ಎಂಬುದನ್ನು ಹೋಗುವ ಮುನ್ನ ತಿಳಿದುಕೊಂಡರೆ ಮೇಸ್ತ್ರಿಗಳ ಒಂದೊಂದು ಸೂಚನೆಯ ಹಿಂದಿನ ಕಾರಣವೂ ಅರ್ಥವಾಗುತ್ತದೆ. ಸೆವೆನ್‌ನಲ್ಲಿ ಶರತ್ಕಾಲದಲ್ಲಿ ಮೆಡಿಟರೇನಿಯನ್ ಸಮುದ್ರದಿಂದ ಬರುವ ಬೆಚ್ಚಗಿನ ತೇವದ ಗಾಳಿ ಬೆಟ್ಟಕ್ಕೆ ಬಡಿದು, ಒಂದೇ ದಿನದಲ್ಲಿ ಕೆಲವು ನೂರು ಮಿಲಿಮೀಟರ್ ಮಳೆ ಸುರಿಯುವುದುಂಟು. ನೀರು ಹೊರಬರಲು ದಾರಿಯಿಲ್ಲದ ಗಾರೆಯ ಗೋಡೆಯ ಹಿಂದೆ ನೀರು ನಿಂತು, ಮಣ್ಣಿನ ಒತ್ತಡಕ್ಕೆ ನೀರಿನ ಒತ್ತಡವೂ ಸೇರಿ, ಗೋಡೆಯನ್ನು ಮುಂದಕ್ಕೆ ದೂಡುತ್ತದೆ. ಒಣಗಲ್ಲಿನ ಗೋಡೆಯಲ್ಲಿ ಆ ನೀರು ಸಂದುಗಳಿಂದ ಸೋರಿ ಹೋಗುತ್ತದೆ. ಉಳಿದದ್ದನ್ನು ಕಲ್ಲಿನ ತೂಕ ಮತ್ತು ಕಲ್ಲು ಕಲ್ಲುಗಳ ನಡುವಿನ ಘರ್ಷಣೆ ನೋಡಿಕೊಳ್ಳುತ್ತವೆ. ಗೋಡೆಯ ಮುಖ ಮೇಲೆ ಹೋದಂತೆ ಬೆಟ್ಟದ ಕಡೆಗೆ ವಾಲುವುದು, ಅವರ ಭಾಷೆಯಲ್ಲಿ ‘ಫ್ರುಯಿ’, ಅಲಂಕಾರಕ್ಕಲ್ಲ. 1834ರಲ್ಲಿ ಐರ್ಲೆಂಡಿನಲ್ಲಿ ಜಾನ್ ಬರ್ಗೋಯ್ನ್ ಎಂಬ ಸೇನಾ ಎಂಜಿನಿಯರ್ ಒಂದೇ ಪ್ರಮಾಣದ ಕಲ್ಲಿನಿಂದ ಸುಮಾರು 6 ಮೀಟರ್ ಎತ್ತರದ ನಾಲ್ಕು ಒಣಗಲ್ಲು ಗೋಡೆಗಳನ್ನು ಬೇರೆ ಬೇರೆ ಆಕಾರದಲ್ಲಿ ಕಟ್ಟಿಸಿ, ಹಿಂದೆ ಮಣ್ಣು ತುಂಬಿಸಿ ಪರೀಕ್ಷಿಸಿದರು. ಮುಖ ಹಿಂದಕ್ಕೆ ವಾಲಿದ್ದ ಎರಡು ಗೋಡೆಗಳು ನಿಂತವು, ಮುಖ ನೆಟ್ಟಗಿದ್ದ ಎರಡು ಬಿದ್ದವು. 2000ದ ದಶಕದಲ್ಲಿ ಫ್ರಾನ್ಸಿನ ಸಂಶೋಧಕರು ಮತ್ತೆ ನೈಜ ಅಳತೆಯ ಗೋಡೆಗಳನ್ನು ಕಟ್ಟಿಸಿ, ಹಿಂದೆ ನೀರಿನ ಚೀಲವಿಟ್ಟು ಒತ್ತಡವನ್ನು ಹೆಚ್ಚಿಸುತ್ತ ಹೋಗಿ, ಅವು ಬೀಳುವ ಬಗೆಯನ್ನು ಅಳೆದಿದ್ದಾರೆ. ಆದ್ದರಿಂದ ಮೇಸ್ತ್ರಿ ಹುರಿ ಕಟ್ಟಿ, ಮರದ ಚೌಕಟ್ಟು ನಿಲ್ಲಿಸಿ, ‘ಈ ಗೆರೆಯಿಂದ ಹೊರಗೆ ಒಂದು ಬೆರಳೂ ಬರಬಾರದು’ ಎಂದರೆ ದಯವಿಟ್ಟು ಅದನ್ನು ಹಟ ಎಂದುಕೊಳ್ಳಬೇಡಿ.

ನಿಮ್ಮ ಎರಡನೆಯ ಸಂದೇಹಕ್ಕೂ ಇಲ್ಲಿಯೇ ಭಾಗಶಃ ಉತ್ತರವಿದೆ. ಫ್ರಾನ್ಸಿನಲ್ಲಿ ನಿರ್ಮಾಣ ಕೆಲಸ ಮಾಡುವ ವೃತ್ತಿಪರರು ಹತ್ತು ವರ್ಷಗಳ ಹೊಣೆಯನ್ನು ಕಾನೂನಿನ ಪ್ರಕಾರ ಹೊತ್ತು, ಅದಕ್ಕೆ ವಿಮೆಯನ್ನೂ ಮಾಡಿಸಬೇಕು. ರಸ್ತೆಯನ್ನು ಹೊತ್ತು ನಿಲ್ಲುವ ಎತ್ತರದ ಗೋಡೆ ಅಂಥವರದೇ ಕೆಲಸ, ಅದಕ್ಕೆ ಶಿಬಿರಾರ್ಥಿಗಳು ಕೈ ಹಾಕಬಾರದು. ಕಾಲುದಾರಿಯ ಅಂಚು, ಹಳೆಯ ಹೊಲದ ಅಂಚು, ಸಾರ್ವಜನಿಕ ಚಿಲುಮೆಯ ಸುತ್ತಲಿನ ಕಟ್ಟೆ, ಇಂಥವು ಶಿಬಿರಗಳಿಗೆ ಸರಿ.

ಮೂರನೆಯ ಉತ್ತರ

ಕೆಲಸ ಕಿತ್ತುಕೊಳ್ಳುವ ಪ್ರಶ್ನೆಗೆ ಆ ಬೆಟ್ಟಗಳ ಚರಿತ್ರೆಯಲ್ಲಿಯೂ ಉತ್ತರವಿದೆ ಎಂದು ನನಗೆ ತೋರುತ್ತದೆ. ಸೆವೆನ್‌ನ ಇಳಿಜಾರುಗಳಲ್ಲಿ ಇಂಥ ಗೋಡೆಗಳು ಹಿಡಿದು ನಿಲ್ಲಿಸಿರುವ ‘ಬಾಂಸೆಲ್’ ಎಂಬ ಮೆಟ್ಟಿಲು ಹೊಲಗಳು ಒಂದು ಕಾಲಕ್ಕೆ ಇಡೀ ಜನಸಮುದಾಯವನ್ನು ಸಾಕಿದವು. ಅವುಗಳ ಮೇಲೆ ಚೆಸ್ಟ್‌ನಟ್ ಮರಗಳನ್ನು ಬೆಳೆದರು. ಅದರ ಕಾಯಿಯೇ ಬಡವರ ಮುಖ್ಯ ಆಹಾರವಾಗಿದ್ದುದರಿಂದ ಅದನ್ನು ರೊಟ್ಟಿಯ ಮರ ಎಂದು ಕರೆಯುತ್ತಿದ್ದರು. ರೇಷ್ಮೆಗಾಗಿ ಹಿಪ್ಪುನೇರಳೆಯನ್ನೂ ಅಲ್ಲಿಯೇ ಬೆಳೆದರು. 19ನೆಯ ಶತಮಾನದ ನಡುವಿನಲ್ಲಿ ಪೆಬ್ರಿನ್ ಎಂಬ ಗಂಟುರೋಗ ರೇಷ್ಮೆಹುಳುಗಳನ್ನು ನಾಶಮಾಡಿತು. 1865ರಲ್ಲಿ ಅದರ ಅಧ್ಯಯನಕ್ಕಾಗಿ ಅಲೆಸ್ ಪಟ್ಟಣಕ್ಕೆ ಬಂದ ಲೂಯಿ ಪಾಶ್ಚರ್, ಚಿಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಗಳನ್ನು ಮಾತ್ರ ಉಳಿಸಿಕೊಳ್ಳುವ ಕ್ರಮವನ್ನು ರೂಪಿಸಿದರು. ಆದರೂ ಅಲ್ಲಿನ ರೇಷ್ಮೆ ಹಿಂದಿನ ಸ್ಥಿತಿಗೆ ಮರಳಲಿಲ್ಲ. ಜನ ಗಣಿಗಳಿಗೂ ಪಟ್ಟಣಗಳಿಗೂ ಇಳಿದು ಹೋದರು. ಗೋಡೆಗಳು ಒಂದು ದಿನದಲ್ಲಿ ಬೀಳಲಿಲ್ಲ; ಪ್ರತಿ ಮಳೆಗಾಲದ ನಂತರ ಜಾರಿದ ನಾಲ್ಕು ಕಲ್ಲುಗಳನ್ನು ಎತ್ತಿ ಇಡುವವರು ಇಲ್ಲದೆ ಹೋದುದರಿಂದ ಬಿದ್ದವು. ಹಿಂದೆ ಆ ಗೋಡೆಗಳನ್ನು ಕಟ್ಟಿದವರೂ ಬಹುಪಾಲು ರೈತರೇ ಹೊರತು ಕೂಲಿಗೆ ಬಂದ ಮೇಸ್ತ್ರಿಗಳಲ್ಲ.

ಇಂದು ಕೆಲವು ಕಡೆ ಅದೇ ಮೆಟ್ಟಿಲುಗಳ ಮೇಲೆ ಸೆವೆನ್‌ನ ಸಿಹಿ ಈರುಳ್ಳಿಯನ್ನು ಬೆಳೆಯುತ್ತಿದ್ದಾರೆ. 2011ರಲ್ಲಿ ಕೋಸ್ ಎಂಬ ಪಕ್ಕದ ಪ್ರಸ್ಥಭೂಮಿ ಮತ್ತು ಸೆವೆನ್ ಸೇರಿದ ಪ್ರದೇಶವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2018ರಲ್ಲಿ ಒಣಗಲ್ಲಿನ ಕಟ್ಟುವಿಕೆಯ ಕಲೆಯನ್ನೇ ಫ್ರಾನ್ಸ್, ಇಟಲಿ, ಗ್ರೀಸ್, ಸ್ಪೇನ್ ಮೊದಲಾದ ಎಂಟು ದೇಶಗಳ ಹೆಸರಿನಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದರು. 2024ರಲ್ಲಿ ಐರ್ಲೆಂಡ್ ಸೇರಿದಂತೆ ಇನ್ನೂ ಐದು ದೇಶಗಳು ಕೂಡಿಕೊಂಡವು. ಪಟ್ಟಿ ಗೋಡೆಯನ್ನು ಎತ್ತಿ ನಿಲ್ಲಿಸುವುದಿಲ್ಲ. ಬಿದ್ದಿರುವ ಗೋಡೆಗಳ ಉದ್ದದ ಮುಂದೆ ಮೇಸ್ತ್ರಿಗಳ ಸಂಖ್ಯೆ ತೀರ ಚಿಕ್ಕದು, ಹಣ ಕೊಟ್ಟು ಕಟ್ಟಿಸುವ ಶಕ್ತಿ ಸಣ್ಣ ಪಂಚಾಯಿತಿಗಳಿಗೆ ಇಲ್ಲ. ನೀವು ಕಟ್ಟುವ 8 ಮೀಟರನ್ನು ನೀವು ಕಟ್ಟದಿದ್ದರೆ ಬಹುಶಃ ಬೇರೆ ಯಾರೂ ಕಟ್ಟುವುದಿಲ್ಲ. ಜೊತೆಗೆ, ಶಿಬಿರದ ಮೇಸ್ತ್ರಿಗೆ ಸಂಬಳ ಕೊಡುತ್ತಾರೆಯೆ ಎಂದು ಕೇಳಿ ನೋಡಿ. ಕೊಡುತ್ತಾರಾದರೆ ನಿಮ್ಮ ಬರುವಿಕೆ ಅವರಿಗೆ ಎರಡು ವಾರದ ಕೆಲಸವನ್ನು ತಂದುಕೊಟ್ಟಿದೆ ಎಂದೇ ಅರ್ಥ.

ಶ್ರಮದಾನ ಶಿಬಿರ ಎಂಬ ಕಲ್ಪನೆಗೂ ಫ್ರಾನ್ಸಿನ ನೆಲಕ್ಕೂ ಹಳೆಯ ನಂಟಿದೆ. ಸ್ವಿಟ್ಜರ್ಲೆಂಡಿನ ಶಾಂತಿವಾದಿ ಪಿಯೆರ್ ಸೆರೆಸೋಲ್ 1920ರಲ್ಲಿ ಮೊದಲ ಮಹಾಯುದ್ಧದಲ್ಲಿ ನೆಲಸಮವಾಗಿದ್ದ ವೆರ್ಡನ್ ಬಳಿಯ ಎನ್ ಎಂಬ ಹಳ್ಳಿಗೆ ಹಲವು ದೇಶಗಳ ಸ್ವಯಂಸೇವಕರನ್ನು, ಅವರಲ್ಲಿ ಜರ್ಮನರನ್ನೂ, ಕರೆದೊಯ್ದು ಮನೆಗಳನ್ನು ಕಟ್ಟಿಸಲು ತೊಡಗಿದರು. ಅದೇ ಸೆರೆಸೋಲ್ 1934ರ ಭೂಕಂಪದ ನಂತರ ಬಿಹಾರಕ್ಕೂ ಬಂದು ದುಡಿದವರು. ಹಳೆಯ ಕಟ್ಟಡಗಳ ರಕ್ಷಣೆಗೆ ಇದೇ ಕ್ರಮವನ್ನು ಬಳಸುವ ಸಂಘಗಳನ್ನು ಒಟ್ಟುಗೂಡಿಸಿರುವ ‘ರಾಂಪಾರ್’ ಒಕ್ಕೂಟ 1966ರಿಂದ ನಡೆಯುತ್ತಿದೆ.

ಪ್ರಶ್ನೆ ಕೇಳಿದವರು

ಇಷ್ಟು ಸಮಯ ಕೊಟ್ಟು ವಿವರವಾಗಿ ಬರೆದ ಮೂವರಿಗೂ ಹೃತ್ಪೂರ್ವಕ ವಂದನೆಗಳು. ಎಂಜಿನಿಯರ್ ಅವರು ಹೇಳಿದ ತರಬೇತಿಯ ಬಗ್ಗೆ ಯೋಚಿಸಿದೆ. ಆದರೆ ಕಲಿಯುವುದೊಂದೇ ನನ್ನ ಆಸೆಯಲ್ಲ. ನಾನು ಕಲಿಯುವಾಗ ಕಟ್ಟಿದ್ದು ಅಲ್ಲಿಯೇ ನಿಂತು ಉಪಯೋಗಕ್ಕೆ ಬರಬೇಕೆಂಬುದೂ ಆಸೆ. ಹಾಗಾಗಿ ಶಿಬಿರಕ್ಕೇ ಹೋಗುತ್ತೇನೆ. ಇನ್ನೆರಡು ಸಣ್ಣ ಪ್ರಶ್ನೆಗಳಿವೆ. ವೀಸಾ ಅರ್ಜಿಯಲ್ಲಿ ಪ್ರವಾಸ ಎಂದು ಬರೆದರೆ ಸುಲಭ ಎಂದು ಒಬ್ಬರು ಹೇಳಿದರು, ಅದು ಸರಿಯೆ? ಮತ್ತು ಜೊತೆಗೆ ಏನನ್ನು ಒಯ್ಯಬೇಕು?

ಮೊದಲ ಉತ್ತರ ಬರೆದವರು

ದಯವಿಟ್ಟು ಹಾಗೆ ಮಾಡಬೇಡಿ. ಶಿಬಿರಕ್ಕೆ ಹೋಗುತ್ತಿರುವುದನ್ನು ಇದ್ದದ್ದು ಇದ್ದಂತೆ ತಿಳಿಸಿ, ಆಯೋಜಕರಿಂದ ದಿನಾಂಕ, ಸ್ಥಳ, ವಸತಿ ಮತ್ತು ಸಂಬಳವಿಲ್ಲದ ಕೆಲಸ ಎಂಬುದನ್ನು ಸ್ಪಷ್ಟಪಡಿಸುವ ಆಮಂತ್ರಣ ಪತ್ರವನ್ನು ತರಿಸಿ ಅರ್ಜಿಯ ಜೊತೆ ಇಡಿ. ಫ್ರಾನ್ಸ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ಅಲ್ಪಾವಧಿ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಪ್ರಯಾಣಕ್ಕೆ 15 ದಿನ ಇರುವಷ್ಟರೊಳಗೆ ಹಾಕಿರಲೇಬೇಕು. ಬೇಸಿಗೆಯಲ್ಲಿ ಅರ್ಜಿದಾರರು ಹೆಚ್ಚಿರುವುದರಿಂದ ಈಗಲೇ ಆರಂಭಿಸಿ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಕೈಯಿಂದ ಮಾಡುವ ದುಡಿಮೆಯಲ್ಲಿ ಆಗುವ ಗಾಯಗಳನ್ನು ಆ ವಿಮೆ ಹೊರಗಿಟ್ಟಿದೆಯೆ ಎಂದು ಷರತ್ತುಗಳನ್ನು ಓದಿ ನೋಡಿ, ಶಿಬಿರದ ಕಡೆಯಿಂದ ಬೇರೆ ವಿಮೆ ಇದೆಯೆ ಎಂದೂ ಕೇಳಿ.

ಉಪಕರಣಗಳನ್ನು ಒಯ್ಯುವ ಅಗತ್ಯವಿಲ್ಲ. ಸುತ್ತಿಗೆ, ಚಾಣ, ಹಾರೆ ಅಲ್ಲಿಯೇ ಇರುತ್ತವೆ. ಬೆರಳಿನ ಮೇಲೆ ಉಕ್ಕಿನ ಕವಚವಿರುವ ಬೂಟು ಮಾತ್ರ ನಿಮ್ಮದೇ ಆಗಿರಲಿ, ಹೊರಡುವ ಒಂದು ತಿಂಗಳ ಮೊದಲೇ ಹಾಕಿಕೊಂಡು ನಡೆದು ಪಳಗಿಸಿಕೊಳ್ಳಿ. ಕೈಗವಸು ಎರಡು ಜೊತೆ ಬೇಕು, ಶಿಸ್ಟ್ ಕಲ್ಲಿನ ಅಂಚು ಮೊದಲ ಜೊತೆಯನ್ನು ಒಂದು ವಾರದಲ್ಲಿ ಸವೆಸುತ್ತದೆ. ಕಲ್ಲು ಒಡೆಯುವಾಗ ಹಾಕಿಕೊಳ್ಳಲು ರಕ್ಷಣಾ ಕನ್ನಡಕ ಬೇಕೇ ಬೇಕು. ಬಿಚ್ಚುವ ದಿನಗಳಲ್ಲಿ ಕಾಣದ ಸಂದಿಗೆ ಕೈ ಹಾಕಬೇಡಿ, ಹಾರೆಯಿಂದ ಕಲ್ಲನ್ನು ಮೊದಲು ನಿಮ್ಮ ಕಡೆಗೆ ಮಗುಚಿ ಆಮೇಲೆ ಎತ್ತಿ. ಹಳೆಯ ಗೋಡೆಗಳಲ್ಲಿ ಹಲ್ಲಿಗಳ ಜೊತೆಗೆ ವೈಪರ್ ಹಾವುಗಳೂ ವಾಸಿಸುತ್ತವೆ. ಭಾರ ಎತ್ತುವಾಗ ಬೆನ್ನು ಬಗ್ಗಿಸದೆ ಮೊಣಕಾಲು ಮಡಿಸಿ ಎತ್ತುವುದನ್ನು ಈಗಿನಿಂದಲೇ ಅಭ್ಯಾಸ ಮಾಡಿ. ನನ್ನ ಗುಂಪಿನಲ್ಲಿ ಎಲ್ಲರಿಗಿಂತ ಬಲಶಾಲಿಯಾಗಿದ್ದ ಹುಡುಗ ಮೂರನೆಯ ದಿನವೇ ಸೊಂಟ ಹಿಡಿದುಕೊಂಡು ಮಲಗಿದ, ನಾಲ್ಕು ದಿನ ಗೋಡೆಯನ್ನು ಮುಟ್ಟಲಾಗದೆ ಬಹಳ ನೊಂದುಕೊಂಡ.

ಪ್ರಶ್ನೆ ಕೇಳಿದವರು

ನಿಮ್ಮ ಸಲಹೆಯಂತೆ ಆಯೋಜಕರಿಗೆ ಬರೆದಿದ್ದೆ, ಇಂದು ಬೆಳಿಗ್ಗೆ ಉತ್ತರ ಬಂದಿದೆ. ಮೇಸ್ತ್ರಿ ಕೆಲಸದ ಹತ್ತೂ ದಿನ ಸ್ಥಳದಲ್ಲಿಯೇ ಇರುತ್ತಾರೆ, ಅವರಿಗೆ ಸಂಘದಿಂದ ಸಂಬಳವಿದೆ. ಗೋಡೆ ಇರುವುದು ಎರಡು ಹಳ್ಳಿಗಳ ನಡುವಿನ ಹಳೆಯ ಕಾಲುದಾರಿಯ ಅಂಚಿನಲ್ಲಿ. ಜೋಡಿಗಳನ್ನು ಬದಲಾಯಿಸದೆ ಇರುವ ನಮ್ಮ ಕೋರಿಕೆಗೂ ಒಪ್ಪಿದ್ದಾರೆ, ಆದರೆ ಮೊದಲ ಎರಡು ದಿನ ಯಾರೂ ಒಂದು ಕಲ್ಲನ್ನೂ ಗೋಡೆಯ ಮೇಲೆ ಇಡುವಂತಿಲ್ಲ, ಬಿಚ್ಚುವುದು ಮತ್ತು ವಿಂಗಡಿಸುವುದು ಮಾತ್ರ ಎಂದು ಬರೆದಿದ್ದಾರೆ. ನಾಳೆ ಬೂಟು ಕೊಳ್ಳಲು ಹೋಗುತ್ತಿದ್ದೇನೆ.